ಮರಿ ಮಾಡುವ ಕಾಲದಲ್ಲೇ ಬೇಟೆಯಾಡಿದರೂ ಕಾಡು ಟರ್ಕಿ ಹಕ್ಕಿ ಉಳಿದಿರುವುದು ಹೇಗೆ?

ಎರೆಹೊಲ, ಸಿರುಗುಪ್ಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಆರಂಭವಾಗಿ ಮೂರು ವಾರ ನಡೆಯುವ ಕಾಡು ಟರ್ಕಿ ಬೇಟೆಗೆ ಅವನು ಈ ವರ್ಷ ಪರವಾನಗಿ ಪಡೆದು, ನೆರೆಮನೆಯ ಹಿರಿಯರೊಬ್ಬರ ಜೊತೆಗೆ ಹೋಗಿ, ಒಬ್ಬ ಬೇಟೆಗಾರನಿಗೆ ಅನುಮತಿಯಿರುವ ಎರಡು ಹಕ್ಕಿಗಳನ್ನೂ ಹೊಡೆದು, ಅವುಗಳ ಚಿತ್ರಗಳನ್ನು ಮನೆಯವರಿಗೆಲ್ಲ ಕಳುಹಿಸಿದ್ದಾನೆ. ಈ ಸಲದ ಋತು ಬಹಳ ಚೆನ್ನಾಗಿ ನಡೆಯಿತು ಎಂದು ಅವನಿಗೂ ಆ ಹಿರಿಯರಿಗೂ ತುಂಬ ಸಂತೋಷವಾಗಿದೆ.

ನನಗೆ ಅರ್ಥವಾಗದಿರುವುದು ಒಂದೇ ವಿಷಯ. ಅದು ಆ ಹಕ್ಕಿಗಳು ಕೂಡುವ, ಮೊಟ್ಟೆಯಿಡುವ ಕಾಲ ಎಂದು ಅವನೇ ಹೇಳುತ್ತಾನೆ. ನಮ್ಮ ಹಿರಿಯರು ಬೇಟೆ ನಡೆಯುತ್ತಿದ್ದ ಕಾಲದಲ್ಲಿಯೂ ಬಸುರಿ ಮೃಗವನ್ನು, ಗೂಡಿನ ಹಕ್ಕಿಯನ್ನು ಮುಟ್ಟಬಾರದು ಎನ್ನುತ್ತಿದ್ದರು. ಹಾಗಿರುವಾಗ ಸರ್ಕಾರವೇ ಅಂಥ ಕಾಲವನ್ನು ಆರಿಸಿ ಬೇಟೆಗೆ ತೆರೆಯುವುದಾದರೂ ಹೇಗೆ? ಇನ್ನೊಂದು ಕಡೆ, ಯಾರೂ ಮುಟ್ಟುವಂತಿಲ್ಲ ಎಂದು ಕಾನೂನು ಮಾಡಿ ದಶಕಗಳೇ ಕಳೆದರೂ ನಮ್ಮ ಸಿರುಗುಪ್ಪದ ಬಯಲಿನ ಎರೆಭೂತ ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಹೊಡೆಯುವ ಕಡೆ ಹಕ್ಕಿ ಉಳಿದು, ಕಾಯುವ ಕಡೆ ಅಳಿಯುತ್ತಿರುವುದಕ್ಕೆ ಕಾರಣವೇನೆಂದು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. ಜೊತೆಗೆ, ಅವನು ಕೆಲಸದ ವೀಸಾದ ಮೇಲೆ ಇರುವವನಾದ್ದರಿಂದ ಕೋವಿ ಹಿಡಿದದ್ದಕ್ಕೆ ಏನಾದರೂ ತೊಂದರೆಯಾದೀತೇ ಎಂಬ ಚಿಂತೆ ನಮ್ಮ ಅಕ್ಕನಿಗಿದೆ.

ಹಳೆ ಓಝಾರ್ಕ್, ಮಾನ್ವಿ

ತಾವು ಕೇಳಿರುವುದು ಸರಿಯಾದ ಪ್ರಶ್ನೆ. ನಾನು ಕೆಲವು ವರ್ಷ ಮಿಸೌರಿಯ ದಕ್ಷಿಣ ಭಾಗದಲ್ಲಿದ್ದು, ಅಲ್ಲಿಯ ಗೆಳೆಯರೊಂದಿಗೆ ಈ ಬೇಟೆಗೆ ಹೋಗಿ ಬಂದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉತ್ತರ ಆ ಹಕ್ಕಿಯ ಸಂಸಾರದ ರೀತಿಯಲ್ಲಿಯೇ ಇದೆ. ಟರ್ಕಿ ಹುಂಜ ಜೋಡಿ ಕಟ್ಟುವ ಹಕ್ಕಿಯಲ್ಲ. ಒಂದೇ ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ, ಆಮೇಲೆ ಗೂಡಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ನೆಲದ ಮೇಲೆ ತರಗೆಲೆಯ ನಡುವೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು, 28 ದಿನ ಕಾವು ಕೊಟ್ಟು, ಮರಿಗಳನ್ನು ಹುಳುಹುಪ್ಪಟೆ ಸಿಗುವ ಕಡೆಗೆ ನಡೆಸಿಕೊಂಡು ಹೋಗುವುದೆಲ್ಲ ಹೇಂಟೆಯೇ. ಆದ್ದರಿಂದ ಹೇಂಟೆಗಳು ಬಹುಮಟ್ಟಿಗೆ ಕೂಡಿ ಗೂಡಿಗೆ ಕೂರತೊಡಗಿದ ಮೇಲೆ ಕೆಲವು ಹುಂಜಗಳು ಕಡಿಮೆಯಾದರೂ ಆ ವರ್ಷದ ಮರಿಗಳ ಸಂಖ್ಯೆಗೆ ಅಷ್ಟೇನೂ ಪೆಟ್ಟು ಬೀಳುವುದಿಲ್ಲ. ಋತುವಿನ ದಿನಾಂಕವನ್ನು ಈ ಲೆಕ್ಕ ನೋಡಿಯೇ ಇಟ್ಟಿರುತ್ತಾರೆ. ತೀರ ಬೇಗ ತೆರೆದರೆ ಹೇಂಟೆಗಳು ಇನ್ನೂ ಹುಂಜಗಳ ಜೊತೆಯಲ್ಲೇ ತಿರುಗುತ್ತಿರುತ್ತವೆ, ಆಗ ಎರಡಕ್ಕೂ ಅಪಾಯ. ವಸಂತದಲ್ಲಿ ಹೊಡೆಯಬಹುದಾದದ್ದು ಗಂಡು ಹಕ್ಕಿಯನ್ನು, ಇಲ್ಲವೇ ಎದೆಯಿಂದ ಗಡ್ಡ ಇಳಿಬಿದ್ದಿರುವ ಹಕ್ಕಿಯನ್ನು ಮಾತ್ರ. ತಮ್ಮ ಅಳಿಯ ಕಳಿಸಿದ ಚಿತ್ರದಲ್ಲಿ ಎದೆಯ ನಡುವೆ ಒರಟಾದ ಕಪ್ಪು ಕೂದಲಿನ ಗೊಂಚಲು ಕಾಣುತ್ತದಲ್ಲ, ಅದೇ ಗಡ್ಡ. ಮಿಸೌರಿಯಲ್ಲಿ ಮೊದಲ ವಾರ ಒಂದೇ ಹಕ್ಕಿ, ಎರಡನೆಯದಕ್ಕೆ ಮುಂದಿನ ವಾರಗಳವರೆಗೆ ಕಾಯಲೇಬೇಕು. ಹೊಡೆದ ಹಕ್ಕಿಯನ್ನು ಅಂದು ರಾತ್ರಿ 10 ಗಂಟೆಯೊಳಗೆ ರಾಜ್ಯದ ಸಂರಕ್ಷಣಾ ಇಲಾಖೆಗೆ ವರದಿ ಮಾಡಬೇಕು. ಎಷ್ಟು ಹಕ್ಕಿ, ಯಾವ ಜಿಲ್ಲೆ ಎಂಬುದು ಹೀಗೆ ದಿನದಿನವೂ ಅವರ ಕೈಗೆ ಸಿಗುತ್ತದೆ.

ಇನ್ನು ಈ ಬೇಟೆಯ ಸೊಗಸು ಇರುವುದು ಕರೆಯುವುದರಲ್ಲಿ. ಟರ್ಕಿಗಳು ರಾತ್ರಿ ಎತ್ತರದ ಮರಗಳ ಕೊಂಬೆಯ ಮೇಲೆ ತಂಗುತ್ತವೆ. ಬೆಳಕು ಹರಿಯುವ ಮೊದಲೇ ಹುಂಜ ಕೊಂಬೆಯ ಮೇಲಿಂದ ಗಳಗಳ ಕೂಗತೊಡಗುತ್ತದೆ. ಗಾಳಿಯಿಲ್ಲದ ಮುಂಜಾವಿನಲ್ಲಿ ಆ ಕೂಗು ಒಂದು ಮೈಲಿಯವರೆಗೂ ಕೇಳುತ್ತದೆ. ಗೂಬೆಯ ದನಿ ಕೇಳಿದರೆ ತಡೆಯಲಾರದೆ ಕೂಗಿಬಿಡುವ ಸ್ವಭಾವ ಅದಕ್ಕಿರುವುದರಿಂದ, ಬೇಟೆಗಾರರು ಗೂಬೆಯಂತೆ ಕೂಗಿ ಅದು ಯಾವ ದಿಕ್ಕಿನಲ್ಲಿದೆ ಎಂದು ತಿಳಿದುಕೊಳ್ಳುತ್ತಾರೆ. ಬಳಿಕ ತಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕುಳಿತು, ಕೋವಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಹೇಂಟೆಯ ದನಿಯಲ್ಲಿ ಕರೆಯಬೇಕು. ಅದಕ್ಕೆ ಮೂರು ಬಗೆಯ ಸಾಧನಗಳಿವೆ: ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ದನಿ ಹೊರಡುವ, ಸೀಮೆಸುಣ್ಣ ಹಚ್ಚಿದ ಮರದ ಪೆಟ್ಟಿಗೆ ಒಂದು, ಸಣ್ಣ ಕಡ್ಡಿಯಿಂದ ಗೀರುವ ಸ್ಲೇಟುಕಲ್ಲಿನ ಬಿಲ್ಲೆ ಇನ್ನೊಂದು, ಬಾಯಿಯ ಅಂಗುಳಕ್ಕೆ ಒತ್ತಿಕೊಂಡು ಊದುವ ರಬ್ಬರ್ ಪೊರೆ ಮತ್ತೊಂದು. ಕೊನೆಯದನ್ನು ಕಲಿಯುವುದು ಕಷ್ಟ, ಆದರೆ ಕೈಗಳು ಅಲುಗುವುದೇ ಇಲ್ಲವಾದ್ದರಿಂದ ಹಕ್ಕಿ ಹತ್ತಿರ ಬಂದಾಗ ಅದಕ್ಕಿಂತ ಒಳ್ಳೆಯದು ಬೇರೆಯಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಕೃತಿಯ ಕ್ರಮದಲ್ಲಿ ಹುಂಜ ನಿಂತಲ್ಲಿಂದ ಕೂಗುತ್ತದೆ, ಹೇಂಟೆಯೇ ಅದರ ಬಳಿಗೆ ನಡೆದು ಹೋಗುತ್ತದೆ. ಬೇಟೆಗಾರ ಆ ಕ್ರಮವನ್ನು ತಿರುಗಿಸಲು ಹೊರಟಿರುತ್ತಾನೆ. ಆದ್ದರಿಂದಲೇ ಕೋವಿಯ ಅಳತೆಗೆ ಸಿಗದಷ್ಟು ದೂರದಲ್ಲಿ ಹುಂಜ ನಿಂತು, ಬಾಲ ಅಗಲಿಸಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಎಳೆಯುತ್ತ, ಹೇಂಟೆ ಏಕೆ ಬರಲಿಲ್ಲ ಎಂದು ಗಂಟೆಗಟ್ಟಲೆ ಕಾಯುವುದುಂಟು. ಆಗ ಮತ್ತೆ ಮತ್ತೆ ಕರೆಯುವವನಿಗೆ ಹಕ್ಕಿ ಸಿಗುವುದಿಲ್ಲ, ಸುಮ್ಮನಿರಬಲ್ಲವನಿಗೆ ಸಿಗುತ್ತದೆ. ಬೆಳಗಿನ ಜಾವದಲ್ಲಿ ಹೇಂಟೆಗಳ ನಡುವೆ ಇದ್ದು ಯಾವ ಕರೆಗೂ ಓಗೊಡದ ಹುಂಜ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಹೇಂಟೆಗಳೆಲ್ಲ ಗೂಡಿನ ಕಡೆ ಸರಿದ ಮೇಲೆ ಒಂಟಿಯಾಗಿ, ಸದ್ದಿಲ್ಲದೆ ನಡೆದು ಬಂದು ಎದುರಿಗೆ ನಿಲ್ಲುತ್ತದೆ. ಬೇಗ ಎದ್ದು ಮನೆಗೆ ಹೊರಟವರು ಈ ಹೊತ್ತನ್ನು ಕಳೆದುಕೊಳ್ಳುತ್ತಾರೆ. ಅದು ತೀರ ಹತ್ತಿರ ಬಂದಾಗ ಕಿವಿಗಿಂತ ಎದೆಗೇ ತಾಗುವಂಥ ಒಂದು ಮಂದ್ರ ಗುಂಯ್‌ಗುಡುವಿಕೆ ಕೇಳುತ್ತದೆ. ನನ್ನ ಮಟ್ಟಿಗೆ ಇಡೀ ಬೇಟೆಯಲ್ಲಿ ಅದಕ್ಕಿಂತ ದೊಡ್ಡ ಕ್ಷಣವಿಲ್ಲ. ಕೆರಳಿದ ಹುಂಜದ ತಲೆ ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ಹೊಳೆಯುತ್ತದೆ. ಈ ಮೂರು ಬಣ್ಣದ ಬಟ್ಟೆ, ಕರವಸ್ತ್ರ, ಕಾಲುಚೀಲ ಕೂಡ ಬೇಟೆಗಾರನ ಮೈಮೇಲೆ ಇರಬಾರದು. ಬೇರೊಬ್ಬ ಬೇಟೆಗಾರ ಅದನ್ನೇ ಹಕ್ಕಿಯ ತಲೆಯೆಂದು ತಿಳಿದು ಗುಂಡು ಹಾರಿಸುವ ಅಪಾಯವಿದೆ. ಕೂಗು ಕೇಳಿದ ಕಡೆಗೆ ತೆವಳಿಕೊಂಡು ಹೋಗುವುದೂ ಇದೇ ಕಾರಣಕ್ಕೆ ತಪ್ಪು. ಇನ್ನೊಬ್ಬರು ಬರುವುದು ಕಂಡರೆ ಕೈ ಬೀಸಬಾರದು, ಗಟ್ಟಿಯಾಗಿ ಮಾತಾಡಬೇಕು. ತಮ್ಮ ಅಳಿಯನಿಗೆ ಈ ಮಾತನ್ನು ನನ್ನ ಪರವಾಗಿ ಖಂಡಿತ ಹೇಳಿ.

ಹಕ್ಕಿ ಉಳಿದ ಬಗೆಗೆ ಬರುತ್ತೇನೆ. ಅದು ತಾನಾಗಿ ಉಳಿದದ್ದಲ್ಲ. ಕಾಡು ಕಡಿದು, ಮಾರಾಟಕ್ಕಾಗಿ ಮಿತಿಯಿಲ್ಲದೆ ಹೊಡೆದು, ಮಿಸೌರಿಯಲ್ಲಿ ಟರ್ಕಿ ಓಝಾರ್ಕ್ ಬೆಟ್ಟಗಳ ಮೂಲೆಗಳಲ್ಲಿ ಮಾತ್ರ ಅಷ್ಟಿಷ್ಟು ಉಳಿದಿತ್ತು. 1930ರ ದಶಕದಲ್ಲಿ ಅಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿದರು. ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದ್ದು ಫಲ ಕೊಡಲಿಲ್ಲ. 1950ರ ದಶಕದಿಂದ ಕಾಡು ಹಕ್ಕಿಗಳನ್ನೇ ಸಿಡಿಬಲೆಯಿಂದ, ಅಂದರೆ ಮದ್ದು ಸಿಡಿಸಿ ಹಕ್ಕಿಗಳ ಮೇಲೆ ಹಾರಿಸುವ ಬಲೆಯಿಂದ ಹಿಡಿದು, ಅವು ಅಳಿದುಹೋಗಿದ್ದ ಜಿಲ್ಲೆಗಳಿಗೆ ಒಯ್ದು ಬಿಟ್ಟದ್ದು ಫಲಿಸಿತು. 1960ರಲ್ಲಿ ಮತ್ತೆ ಬೇಟೆ ತೆರೆದಾಗ ಅದು ಕೆಲವೇ ಜಿಲ್ಲೆಗಳಲ್ಲಿ, ಮೂರೇ ದಿನ. ಇದಕ್ಕೆಲ್ಲ ಹಣ ಎಲ್ಲಿಂದ ಬಂತು ಎಂದರೆ, 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ಹಾಕುವ ಶೇ 11ರ ತೆರಿಗೆ ವನ್ಯಜೀವಿಗಳ ಕೆಲಸಕ್ಕಾಗಿಯೇ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಜೊತೆಗೆ ಮಿಸೌರಿಯ ಮತದಾರರು 1976ರಲ್ಲಿ ಮಾರಾಟ ತೆರಿಗೆಯ ಒಂದು ಸಣ್ಣ ಭಾಗವನ್ನು, ಅಂದರೆ ಡಾಲರಿಗೆ ಒಂದು ಸೆಂಟಿನ ಎಂಟನೆಯ ಒಂದು ಪಾಲನ್ನು, ಸಂರಕ್ಷಣಾ ಇಲಾಖೆಗೆ ಮೀಸಲಿಟ್ಟರು. ಬೇಟೆಯಾಡದವನೂ ಅಂಗಡಿಯಲ್ಲಿ ಸಾಮಾನು ಕೊಂಡಾಗ ಕಾಡಿಗೆ ಕಾಸು ಕೊಡುತ್ತಾನೆ.

ಕಿನ್ನಾಳ ರಸ್ತೆ, ಕೊಪ್ಪಳ

ವೀಸಾದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಅಮೆರಿಕದ ಕೇಂದ್ರ ಕಾನೂನಿನಂತೆ ತಾತ್ಕಾಲಿಕ ವೀಸಾದ ಮೇಲೆ ಇರುವವರು ಸಾಮಾನ್ಯವಾಗಿ ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವಂತಿಲ್ಲ. ಆದರೆ ಅಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ಆ ಕಾನೂನಿನಲ್ಲಿಯೇ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದ ಮೇಲೆ ಕೋವಿ ಮನೆಯಲ್ಲಿದ್ದರೆ ಅದೇ ಅಪರಾಧವಾಗಬಹುದು. ಹಾಗಾಗಿ ತಮ್ಮ ಅಳಿಯ ಪರವಾನಗಿಯ ದಿನಾಂಕವನ್ನು ನೋಡಿಕೊಂಡು, ಒಮ್ಮೆ ಅಲ್ಲಿಯ ವಕೀಲರನ್ನು ಕೇಳಿಬಿಡುವುದು ಒಳ್ಳೆಯದು. ಅಕ್ಕನವರಿಗೆ ಧೈರ್ಯ ಹೇಳಿ.

ನಮ್ಮ ಕಡೆ ಶೆಡ್ಡುಗಳಲ್ಲಿ ಸಾಕುವ ಟರ್ಕಿ ಕೋಳಿಯನ್ನು ನೋಡಿದವರು ಕಾಡು ಟರ್ಕಿಯೂ ಹಾಗೆಯೇ ಇರಬಹುದು ಎಂದುಕೊಳ್ಳಬಾರದು. ಮಾಂಸಕ್ಕಾಗಿ ಬೆಳೆಸಿದ ಬಿಳಿಯ ತಳಿ ಮೈಭಾರದಿಂದ ಹಾರಲಾರದು. ಕಾಡಿನದು ಹಾರಿ ಮರವೇರುವ, ಕಣ್ಣಿನ ತೀಕ್ಷ್ಣತೆಗೆ ಹೆಸರಾದ ಹಕ್ಕಿ. ವಯಸ್ಸಾದ ಹುಂಜದ ತೊಡೆಯಲ್ಲಿ ನರ ಜಾಸ್ತಿ. ಎದೆಯ ಮಾಂಸವನ್ನು ಬೇರೆಯಾಗಿ ಬೇಗ ಬೇಯಿಸಿ, ಕಾಲಿನದನ್ನು ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಕುದಿಸಿದರೆ ರೊಟ್ಟಿಗೆ ಒಳ್ಳೆಯ ಸಾರಾಗುತ್ತದೆ.

ಬಯಲುಹಕ್ಕಿ, ಬಳ್ಳಾರಿ

ಎರೆಭೂತದ ಬಗ್ಗೆ ಪ್ರಶ್ನೆ ಬಂದಿರುವುದರಿಂದ ಬರೆಯುತ್ತಿದ್ದೇನೆ. ಮೇಲಿನ ಹಿರಿಯರು ಹೇಳಿದ್ದೆಲ್ಲ ಟರ್ಕಿಗೆ ಸರಿ. ಅದನ್ನು ಕಂಡು ನಮ್ಮಲ್ಲಿಯೂ ಹಾಗೆ ಒಂದು ಋತು ತೆರೆದರೆ ಹಣ ಬಂದು ಹಕ್ಕಿ ಉಳಿಯುತ್ತಿತ್ತು ಎಂದು ಯಾರಾದರೂ ಭಾವಿಸಿದರೆ ಅದನ್ನು ನಾನು ಒಪ್ಪಲಾರೆ.

ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುವ ನಮ್ಮ ಎರೆಭೂತದ ಗಂಡೂ ಟರ್ಕಿಯಂತೆ ಬಾಲ ಎತ್ತಿ, ಕತ್ತಿನ ಚೀಲ ಉಬ್ಬಿಸಿ ಮೆರೆಯುತ್ತದೆ, ದೂರಕ್ಕೆ ಕೇಳುವಂತೆ ಗುಡುಗುತ್ತದೆ. ಮರಿ ಸಾಕುವುದರಲ್ಲಿ ಅದಕ್ಕೂ ಪಾಲಿಲ್ಲ. ಹೋಲಿಕೆ ಅಲ್ಲಿಗೆ ಮುಗಿಯಿತು. ಟರ್ಕಿ ಹೇಂಟೆ ಇಡುವುದು ಹತ್ತು ಹನ್ನೆರಡು ಮೊಟ್ಟೆ, ಎರೆಭೂತ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬಯಲಿನ ಬರಿ ನೆಲದ ಮೇಲೆ. ನಾಯಿ, ನರಿ, ದನದ ಗೊರಸು ಯಾವುದು ತಾಗಿದರೂ ಆ ವರ್ಷದ ಸಂತಾನ ಹೋಯಿತು. ಅಮೆರಿಕದಲ್ಲಿ ಕಾಡು ಟರ್ಕಿಗಳು ಲಕ್ಷಗಟ್ಟಲೆ ಇವೆ. ಎರೆಭೂತ ಇಡೀ ದೇಶದಲ್ಲಿ 150ರ ಆಸುಪಾಸಿಗೆ ಇಳಿದಿದ್ದು, ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಒಂದು ಕಾಲಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿಯೂ, ನೆರೆಯ ಆಂಧ್ರಪ್ರದೇಶದ, ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ರೋಳ್ಳಪಾಡಿನಲ್ಲಿಯೂ ಹೆಸರಾಗಿದ್ದ ಹಕ್ಕಿಗೆ ನಮ್ಮ ರಾಜ್ಯದಲ್ಲಿ ಈಗ ಉಳಿದಿರುವ ಆಸೆ ಸಿರುಗುಪ್ಪದ ಎರೆ ಬಯಲು.

ಕಾನೂನು ಹಕ್ಕಿಯನ್ನು ಹೊಡೆಯುವ ಕೈಯನ್ನು ತಡೆಯಿತು, ಅದರ ನೆಲವನ್ನು ಕಾಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಎರೆಭೂತವಿದೆ. 1991ರ ತಿದ್ದುಪಡಿಯ ಮೇಲೆ ಪರವಾನಗಿ ಪಡೆದು ಸಣ್ಣಪುಟ್ಟ ಹಕ್ಕಿಗಳ ಬೇಟೆಯಾಡುವ ಅವಕಾಶವೂ ಹೋಯಿತು, ಆದ್ದರಿಂದ ಇಂದು ಕೌಜುಗವನ್ನು ಹೊಡೆಯುವುದೂ ಅಪರಾಧವೇ. ಅದು ಇರಬೇಕಾದದ್ದೇ. ಆದರೆ ಜೋಳ, ಕಡಲೆ, ಕುಸುಬೆ ಬೆಳೆದು ಬೇಸಿಗೆಯಲ್ಲಿ ಖಾಲಿ ಬಿಡುತ್ತಿದ್ದ ಮಳೆಯಾಶ್ರಿತ ಹೊಲ ಈ ಹಕ್ಕಿಗೆ ಬೇಕಾದ ನೆಲ. ಅದು ನೀರಾವರಿಗೆ ಬಂದರೆ, ಬೀಳು ಬಿಟ್ಟ ಹುಲ್ಲುಗಾವಲಿಗೆ ನೇಗಿಲು ಬಿದ್ದರೆ, ಕೀಟನಾಶಕದಿಂದ ಮಿಡತೆ ಇಲ್ಲವಾದರೆ, ಹಕ್ಕಿಗೆ ಮೇವೂ ಇಲ್ಲ, ಮರಿ ಮಾಡಲು ಏಕಾಂತವೂ ಇಲ್ಲ. ಇದರ ಮೇಲೆ ವಿದ್ಯುತ್ ತಂತಿಗಳು. ಎರೆಭೂತದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ನೇರ ಎದುರಿನದು ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ, ಮೈಭಾರದಿಂದ ಥಟ್ಟನೆ ದಿಕ್ಕು ಬದಲಿಸಲೂ ಆಗುವುದಿಲ್ಲ. ರಾಜಸ್ಥಾನ, ಗುಜರಾತುಗಳಲ್ಲಿ ತಂತಿಗೆ ಬಡಿದು ಸತ್ತ ಹಕ್ಕಿಗಳಿಂದಾಗಿಯೇ ಈ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೆ ಹೋಯಿತು. ಜೈಸಲ್ಮೇರಿನಲ್ಲಿ ಮೊಟ್ಟೆಗಳನ್ನು ಸಂಗ್ರಹಿಸಿ ಮರಿ ಮಾಡಿಸುವ ಕೆಲಸ 2019ರಿಂದ ನಡೆಯುತ್ತಿದೆ. ಆ ಮರಿಗಳ ಸಂತತಿಯನ್ನು ಮುಂದೊಂದು ದಿನ ಬಿಡಲು ಬಯಲು ಬೇಕಲ್ಲ? ನಮ್ಮ ತಾಲ್ಲೂಕಿನಲ್ಲಿ ಅಂಥ ಬಯಲು ಉಳಿಯಬೇಕಾದರೆ ಹೊಲವನ್ನು ಖಾಲಿ ಬಿಡುವ ರೈತನಿಗೆ ಅದರ ಬೆಲೆಯನ್ನು ಯಾರಾದರೂ ಕೊಡಲೇಬೇಕು. ಮಿಸೌರಿಯಿಂದ ನಾವು ಕಲಿಯಬೇಕಾದದ್ದು ಕೋವಿಯ ಸಂಗತಿಯಲ್ಲ, ಅಲ್ಲಿ ಜನ ತಾವಾಗಿಯೇ ಕೊಟ್ಟ ಆ ತೆರಿಗೆಯ ಸಂಗತಿ ಎಂಬುದು ನನ್ನ ಅಭಿಪ್ರಾಯ.

ಎರೆಹೊಲ, ಸಿರುಗುಪ್ಪ

ಮೂವರಿಗೂ ಅನಂತ ವಂದನೆಗಳು. ಅಕ್ಕನಿಗೆ ಓದಿ ಹೇಳಿದೆ, ಸಮಾಧಾನವಾಗಿದೆ. ಮಾನ್ವಿಯ ಗುರುಗಳಲ್ಲಿ ಇನ್ನೊಂದು ಪ್ರಶ್ನೆ. ಮೊದಲ ವಾರ ಇವನ ಎದುರಿಗೆ ಒಂದು ಎಳೆಯ ಹುಂಜ ಬಂದು ನಿಂತರೂ ಆ ಹಿರಿಯರು ಹೊಡೆಯಬೇಡ ಎಂದರಂತೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲದಿದ್ದರೂ ಬಿಟ್ಟದ್ದೇಕೆ? ಮತ್ತು ಋತು ಚೆನ್ನಾಗಿತ್ತು ಎಂದು ಅಲ್ಲಿಯವರು ಹೇಳುವುದು ಹೊಡೆದ ಹಕ್ಕಿಯ ಲೆಕ್ಕದಿಂದಲೇ?

ಹಳೆ ಓಝಾರ್ಕ್, ಮಾನ್ವಿ

ಒಂದು ವರ್ಷದ ಹುಂಜವನ್ನು ಅಲ್ಲಿ ಜೇಕ್ ಎನ್ನುತ್ತಾರೆ. ಬಾಲ ಬಿಚ್ಚಿದಾಗ ನಡುವಿನ ಗರಿಗಳು ಉಳಿದವಕ್ಕಿಂತ ಉದ್ದವಾಗಿ ಎದ್ದು ಕಾಣುತ್ತವೆ, ಗಡ್ಡ ನಾಲ್ಕೈದು ಅಂಗುಲ, ಕಾಲಿನ ಮುಳ್ಳು ಬರಿಯ ಗುಬಟು. ಬಲಿತ ಹುಂಜದ ಬಾಲದ ಅಂಚು ಒಂದೇ ಸಮನಾಗಿರುತ್ತದೆ, ಮುಳ್ಳು ಉದ್ದವಾಗಿ ಬೆಳೆದಿರುತ್ತದೆ. ಇಂದು ಬಿಟ್ಟ ಜೇಕ್ ಮುಂದಿನ ವರ್ಷ ಗಟ್ಟಿಯಾಗಿ ಕೂಗುವ ಹುಂಜವಾಗುತ್ತದೆ ಎಂಬ ಕಾರಣಕ್ಕೆ ಅನುಭವಿಗಳು ಅದನ್ನು ಹೊಡೆಯುವುದಿಲ್ಲ. ಆ ಹಿರಿಯರು ಒಳ್ಳೆಯ ಗುರುವೆಂದು ಇದೊಂದರಿಂದಲೇ ತಿಳಿಯುತ್ತದೆ.

ಎರಡನೆಯ ಪ್ರಶ್ನೆಗೆ: ಹೊಡೆದ ಹಕ್ಕಿಯ ಲೆಕ್ಕ ಎರಡು ವರ್ಷದ ಹಿಂದಿನ ಮರಿಗಳ ಲೆಕ್ಕವೇ ಹೊರತು ಈ ವರ್ಷದ್ದಲ್ಲ. ಈ ವಸಂತದಲ್ಲಿ ಬಲಿತು ಕೂಗಿದ ಹುಂಜಗಳಲ್ಲಿ ಹೆಚ್ಚಿನವು ಎರಡು ಬೇಸಿಗೆಗಳ ಹಿಂದೆ ಮಳೆ, ಚಳಿ, ನರಿಗಳಿಂದ ಪಾರಾದ ಮರಿಗಳು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಒಂದು ಹೇಂಟೆಗೆ ಬದುಕುಳಿಯುವ ಮರಿಗಳ ಸಂಖ್ಯೆ ಹಿಂದಿನಷ್ಟಿಲ್ಲವೆಂದು ಇಲಾಖೆಯವರೂ ಬೇಟೆಗಾರರೂ ಕಳವಳಪಡುತ್ತಿದ್ದಾರೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಸಾರ್ವಜನಿಕರು ದಾರಿಯಲ್ಲಿ, ಹೊಲದಲ್ಲಿ ಕಂಡ ಹೇಂಟೆಗಳನ್ನೂ ಅವುಗಳ ಜೊತೆಗಿರುವ ಮರಿಗಳನ್ನೂ ಎಣಿಸಿ ಇಲಾಖೆಗೆ ಬರೆದು ಕಳುಹಿಸುವ ಗಣತಿ ನಡೆಯುತ್ತದೆ. ಮರಿಯಿಲ್ಲದ ಹೇಂಟೆ ಕಂಡರೆ ಅದನ್ನೂ ಬರೆಯಬೇಕು, ಬಿಟ್ಟರೆ ಲೆಕ್ಕ ತಪ್ಪುತ್ತದೆ. ತಮ್ಮ ಅಳಿಯನಿಗೆ ಅದಕ್ಕೆ ಹೆಸರು ನೋಂದಾಯಿಸಲು ಹೇಳಿ. ಬೇಟೆಗೆ ಹೋದ ಜಾಗದ ಪರಿಚಯ ಇರುವುದರಿಂದ ಅವನು ಕಳುಹಿಸುವ ಲೆಕ್ಕ ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.