ಮಾರ್ಫಿನ್ ದಾಸ್ತಾನಿಗೆ ಈಗಲೂ ಅಬಕಾರಿ ಪರವಾನಗಿ ಬೇಕೇ?

ಪ್ರಶ್ನೆ:
ಮಾನ್ಯರೇ, ನಾನು ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಕ್ಯಾನ್ಸರ್ ರೋಗಿಗಳ ಮನೆಯವರು ತೀವ್ರ ನೋವು ಶಮನದ ಮಾರ್ಫಿನ್ ಮಾತ್ರೆ ಕೇಳಿಕೊಂಡು ಬಂದಾಗಲೆಲ್ಲ, ಅಬಕಾರಿ ಸೇರಿದಂತೆ ಹಲವು ಇಲಾಖೆಗಳ ಪರವಾನಗಿ ಬೇಕೆಂಬ ಕಾರಣ ಹೇಳಿ ಅವರನ್ನು ದೂರದ ಊರಿಗೆ ಕಳುಹಿಸುತ್ತಿದ್ದೇವೆ. ಕಾನೂನು ಬದಲಾಗಿದೆಯೆಂದು ಕೇಳಿದ್ದೇನೆ, ದಯವಿಟ್ಟು ವಿವರಿಸಿ.

ಉತ್ತರ 1:
ಹೌದು, ಬದಲಾಗಿದೆ. 1985ರ ಮಾದಕ ದ್ರವ್ಯ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯು 'ಅತ್ಯಗತ್ಯ ಮಾದಕ ಔಷಧ' ಎಂಬ ವರ್ಗವನ್ನು ಸೃಷ್ಟಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೊಡೀನ್ ಮತ್ತು ಹೈಡ್ರೋಕೋಡೋನ್ ಆ ವರ್ಗಕ್ಕೆ ಸೇರಿದವು. ರಾಜ್ಯಕ್ಕೊಂದರಂತೆ ಇದ್ದ ನಿಯಮಗಳ ಬದಲು 2015ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬಂದಿತು. ಅದರಂತೆ ನಿಮ್ಮ ಆಸ್ಪತ್ರೆಯು ರಾಜ್ಯದ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಮಾನ್ಯತೆ ಪಡೆದರೆ ಸಾಕು. ಹಿಂದಿನಂತೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿಲ್ಲ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಪರವಾನಗಿಯ ಹೊರೆ ಇಳಿದಷ್ಟೂ ಔಷಧಾಲಯದ ಹೊಣೆ ಏರಿದೆ ಎಂಬುದನ್ನು ಮರೆಯಬಾರದು. ನೋವು ಶಮನದಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಸಂಸ್ಥೆಯಲ್ಲಿರಬೇಕು. ಬಂದ, ಕೊಟ್ಟ ಮತ್ತು ಉಳಿದ ಮಾತ್ರೆಗಳ ಲೆಕ್ಕ ಅಂದಂದೇ ದಾಖಲಾಗಬೇಕು. ಮುಂದಿನ ವರ್ಷದ ಅಗತ್ಯದ ಅಂದಾಜನ್ನೂ ಸಲ್ಲಿಸಬೇಕು. ನಮ್ಮಲ್ಲಿ ಬೀಗದ ಕಪಾಟಿನ ಕೀಲಿಯನ್ನು ಪಾಳಿ ಬದಲಾಗುವಾಗ ಎಣಿಕೆಯಾದ ಮೇಲೆಯೇ ಹಸ್ತಾಂತರಿಸುತ್ತೇವೆ. ಈ ಶಿಸ್ತು ಕಷ್ಟವೇನಲ್ಲ; ನೋವಿನಿಂದ ರಾತ್ರಿಯಿಡೀ ನಿದ್ರಿಸದ ರೋಗಿಯನ್ನು ಒಮ್ಮೆ ಕಂಡವರಿಗೆ ಅದು ಹೊರೆಯೆನಿಸದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ತರಬೇತಿ ಪಡೆದ ಅರಿವಳಿಕೆ ತಜ್ಞರು ನಮ್ಮಲ್ಲಿದ್ದಾರೆ. ಈ ವಾರವೇ ಆಡಳಿತಾಧಿಕಾರಿಗಳ ಮುಂದೆ ಅರ್ಜಿಯ ಕರಡನ್ನು ಇಡುತ್ತೇನೆ.