ನಿವೃತ್ತಿಯ ನಂತರ ಸ್ವಯಂಸೇವೆ: ಶಿವಮೊಗ್ಗ ಕಡೆ ಏನು ಮಾಡಬಹುದು, ಎಷ್ಟು ಮಾಡಬೇಕು?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ)
ಮೇ 31ಕ್ಕೆ ನಿವೃತ್ತಿ. ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಕಂಪ್ಯೂಟರ್ ಗೊತ್ತು. ಬಿಪಿ ಮಾತ್ರೆ ನಡೀತಿದೆ, ಮಂಡಿ ಸ್ವಲ್ಪ ತಕರಾರು. ಮನೇಲಿ ಸುಮ್ನೆ ಕೂತ್ರೆ ಇಲ್ಲದ ಕಾಯಿಲೆ ಬರುತ್ತೆ, ಏನಾದ್ರೂ ಸೇವೆಗೆ ಸೇರ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಇದರಿಂದ ಆರೋಗ್ಯಕ್ಕೆ ನಿಜವಾಗಿ ಪ್ರಯೋಜನ ಇದೆಯೇ? ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ಬಲ್ಲವರು ತಿಳಿಸಿ.

ನಿವೃತ್ತ ವೈದ್ಯರು, ಶಿವಮೊಗ್ಗ
ಪ್ರಯೋಜನ ಇದೆ. ಆದರೆ ಜನ ಹೇಳುವಷ್ಟಿಲ್ಲ. 2020ರಲ್ಲಿ ಅಮೆರಿಕದಲ್ಲಿ 50 ದಾಟಿದ ಸುಮಾರು 13,000 ಜನರನ್ನು ಗಮನಿಸಿದ ಅಧ್ಯಯನವೊಂದು ಬಂತು. ವರ್ಷಕ್ಕೆ 100 ಗಂಟೆಗಿಂತ ಹೆಚ್ಚು, ಅಂದರೆ ವಾರಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ, ಸ್ವಯಂಸೇವೆ ಮಾಡಿದವರಲ್ಲಿ ಸಾವಿನ ಪ್ರಮಾಣ ಕಡಿಮೆ, ಓಡಾಟದ ತೊಂದರೆ ಕಡಿಮೆ, ಬದುಕಿನಲ್ಲಿ ಉತ್ಸಾಹ ಹೆಚ್ಚು ಇತ್ತು. ಆದರೆ ಸಕ್ಕರೆ ಕಾಯಿಲೆ, ಬಿಪಿ, ಪಾರ್ಶ್ವವಾಯು, ಕೀಲುನೋವು ಇವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2013ರ ಇನ್ನೊಂದು ಅಧ್ಯಯನ ವರ್ಷಕ್ಕೆ 200 ಗಂಟೆ ಮಾಡಿದವರಿಗೆ ಬಿಪಿ ಬರುವುದು ಕಡಿಮೆ ಎಂದಿತ್ತು. ಎರಡಕ್ಕೂ ತಾಳೆ ಆಗುವುದಿಲ್ಲ. ಹಾಗಾಗಿ ಸೇವೆ ಶುರುವಾಯಿತೆಂದು ಮಾತ್ರೆ ಬಿಡುವ ಯೋಚನೆ ಬೇಡ.

ಇನ್ನೊಂದು ಮಾತು. ಗಟ್ಟಿಮುಟ್ಟಾಗಿರುವವರೇ ಸೇವೆಗೆ ಬರುತ್ತಾರೆ, ಹಾಸಿಗೆ ಹಿಡಿದವರು ಬರುವುದಿಲ್ಲ. ಅಧ್ಯಯನ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿದರೂ ಪೂರ್ತಿ ಕಳೆಯಲು ಆಗುವುದಿಲ್ಲ. ನನ್ನ ಪ್ರಕಾರ ಲಾಭದ ಬಹುಪಾಲು ಬರುವುದು ಮೂರರಿಂದ: ಮನೆಯಿಂದ ಹೊರಗೆ ಕಾಲಿಡಲು ಒಂದು ನೆಪ, ಹೊಸಬರ ಜೊತೆ ಮಾತು, "ಇವತ್ತು ಇವರು ಬರ್ತಾರೆ" ಎಂದು ಕಾಯುವ ಒಬ್ಬರು. ಈ ಮೂರೂ ಇಲ್ಲದ ಕೆಲಸಕ್ಕೆ, ಉದಾಹರಣೆಗೆ ಮನೆಯಲ್ಲೇ ಕೂತು ಸಂಘದ ವಾಟ್ಸಾಪ್ ಗುಂಪು ನಡೆಸುವುದಕ್ಕೆ, ಇದೇ ಫಲ ನಿರೀಕ್ಷಿಸಬೇಡಿ.

ರಕ್ತದಾನದಿಂದ ಆರಂಭಿಸುತ್ತೇನೆ ಎನ್ನುವವರಿಗೆ: ಮೊದಲ ಸಲ ಕೊಡುವವರ ವಯಸ್ಸು 60 ದಾಟಿರಬಾರದು. ಹಿಂದೆ ಕೊಟ್ಟು ಅಭ್ಯಾಸ ಇರುವವರು 65ರವರೆಗೆ ಕೊಡಬಹುದು. ಶಿಬಿರದಲ್ಲಿ ಹೆಸರು ಬರೆಯುವುದಕ್ಕೆ, ದಾನಿಗಳಿಗೆ ಫೋನ್ ಮಾಡುವುದಕ್ಕೆ ವಯಸ್ಸಿನ ಮಿತಿ ಇಲ್ಲ.

ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ
ಸರ್ಕಾರಿ ಶಾಲೆಗೆ ಹೋಗುವುದಾದರೆ ಒಂದಿಷ್ಟು ತಿಳಿದಿರಲಿ. ಕೇಂದ್ರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ನೋಂದಾಯಿಸಬಹುದು. ಆದರೆ ಹತ್ತಿರದ ದಾರಿ ಅಂದರೆ ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ: ವಾರದ ಯಾವ ದಿನ, ಎಷ್ಟು ಗಂಟೆಗೆ, ಯಾವ ತರಗತಿಗೆ, ಏನು ಮಾಡುತ್ತೀರಿ. ಆಧಾರ್ ಪ್ರತಿ ಜೊತೆಗಿರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ನಿಮ್ಮ ಹೆಸರು ಬಂದರೆ ಮುಖ್ಯ ಶಿಕ್ಷಕರು ವರ್ಗವಾದರೂ ಕೆಲಸ ನಿಲ್ಲುವುದಿಲ್ಲ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ಬಾಗಿಲು ಹಾಕಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಕೂರಬೇಡಿ. ಜಗಲಿಯಲ್ಲಿ, ಎಲ್ಲರಿಗೂ ಕಾಣುವಂತೆ ಕೂರಿ.

ಇಡೀ ತರಗತಿ ತೆಗೆದುಕೊಳ್ಳಲು ಹೋಗಬೇಡಿ, ಅದು ಶಿಕ್ಷಕರ ಕೆಲಸ. ಓದಲು ಹಿಂದೆ ಬಿದ್ದ ನಾಲ್ಕೈದು ಮಕ್ಕಳು, 40 ನಿಮಿಷ, ವಾರಕ್ಕೆ ಎರಡು ದಿನ. ಬಿಸಿಯೂಟಕ್ಕೆ ಮುಂಚೆ. ಊಟವಾದ ಮೇಲೆ ಮಕ್ಕಳು ತೂಕಡಿಸುತ್ತವೆ, ನೀವೂ ತೂಕಡಿಸುತ್ತೀರಿ.

ಎಲ್ಲರೂ ಮೋಸ ಹೋಗುವುದು ಇಲ್ಲಿ: ಮಗು ಪಾಠವನ್ನು ಗಡಗಡ ಓದುತ್ತದೆ, ನೀವು ಖುಷಿಪಡುತ್ತೀರಿ. ಅದು ಓದಲ್ಲ, ಬಾಯಿಪಾಠ. ಚಿತ್ರವನ್ನು ಕೈಯಿಂದ ಮುಚ್ಚಿ, ಪುಟದ ಕೊನೆಯ ಸಾಲಿನಿಂದ ಓದಿಸಿ. ತಡವರಿಸಿದರೆ ಎಲ್ಲಿ ಎಂದು ಗುರುತು ಮಾಡಿ. ಸಾಮಾನ್ಯವಾಗಿ ಒತ್ತಕ್ಷರದಲ್ಲಿ, ಅಥವಾ ದೀರ್ಘದಲ್ಲಿ: "ಬಲ" "ಬಾಲ" ಎರಡೂ ಒಂದೇ ಆಗಿಬಿಡುತ್ತದೆ. ಆ ದಿನ ಅದೊಂದನ್ನೇ ಹಿಡಿಯಿರಿ, ಅದೇ ಒತ್ತು ಇರುವ ಆರೇಳು ಪದ ಸಾಕು. ಮನೆಯಲ್ಲಿ ಉರ್ದು, ಲಂಬಾಣಿ, ತುಳು ಆಡುವ ಮಗುವಿಗೆ ಮೊದಲು ಪದದ ಅರ್ಥ ಹೇಳಿ, ಆಮೇಲೆ ಓದಿಸಿ.

ಮಂಡಿನೋವು ಎಂದಿರಿ. ನೆಲದ ಮೇಲೆ ಕೂರಬೇಡಿ, ಕುರ್ಚಿ ಕೇಳಿ ತೆಗೆದುಕೊಳ್ಳಿ. ಸಂಕೋಚಪಟ್ಟು ಚಾಪೆಯ ಮೇಲೆ ಕೂತವರು ಮೂರನೇ ವಾರಕ್ಕೆ ಬರುವುದು ನಿಲ್ಲಿಸುತ್ತಾರೆ. ಜುಲೈನಲ್ಲಿ ಮಳೆ ರಜೆ ಬೆಳಿಗ್ಗೆ ಘೋಷಣೆಯಾಗುತ್ತದೆ, ಹೊರಡುವ ಮುನ್ನ ಒಂದು ಫೋನ್ ಮಾಡಿ.

ನಿವೃತ್ತ ಬ್ಯಾಂಕ್ ನೌಕರರು, ಸಾಗರ
ಸಾರ್, ಲೆಕ್ಕಪತ್ರ ಗೊತ್ತು, ಕಂಪ್ಯೂಟರ್ ಗೊತ್ತು ಅಂತೀರಿ. ಹಾಗಾದರೆ ನಿಮಗೆ ಹೇಳಿ ಮಾಡಿಸಿದ ಕೆಲಸ ಒಂದಿದೆ: ಪಿಂಚಣಿದಾರರ ಜೀವನ ಪ್ರಮಾಣ ಪತ್ರ, ಅಂದರೆ ಅವರು ಬದುಕಿದ್ದಾರೆ ಎಂದು ವರ್ಷಕ್ಕೊಮ್ಮೆ ಕೊಡಬೇಕಾದ ಪತ್ರ. ನವೆಂಬರ್ ಬಂತೆಂದರೆ ಬ್ಯಾಂಕಿನ ಮುಂದೆ ಸಾಲು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ವಯಸ್ಸಾದವರ ಬೆರಳಚ್ಚು ಸವೆದಿರುತ್ತದೆ, ಅಡಿಕೆ ಸುಲಿದ ಕೈಯಾದರಂತೂ ಯಂತ್ರ ಓದುವುದೇ ಇಲ್ಲ. ಹಾಗಾಗಿ ಮುಖ ಗುರುತಿನ ವಿಧಾನ ಕಲಿಯಿರಿ. ಮೊಬೈಲಿಗೆ ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್. ಮೊದಲು ನೀವು ಆಪರೇಟರ್ ಆಗಿ ನಿಮ್ಮ ಆಧಾರ್, ನಿಮ್ಮ ಮುಖ ಕೊಟ್ಟು ದೃಢೀಕರಿಸಬೇಕು. ಆಮೇಲೆ ಪಿಂಚಣಿದಾರರ ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್, ಕೊನೆಗೆ ಮುಖ. ನಮ್ಮ ಕಡೆ ಮನೆಯೊಳಗೆ ಬೆಳಕು ಕಮ್ಮಿ. ಅಜ್ಜನನ್ನು ಜಗಲಿಗೆ ಕರೆತಂದು ಬೆಳಕಿಗೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ಕಿಟಕಿ ಇರಬಾರದು. ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ.

ಕೆಡುವುದು ಎಲ್ಲಿ? ಪಿಂಚಣಿ ಮಂಜೂರು ಮಾಡಿದವರು ಯಾರು, ಬಟವಾಡೆ ಮಾಡುವವರು ಯಾರು ಎಂಬ ಎರಡು ಪಟ್ಟಿಗಳಲ್ಲಿ ತಪ್ಪು ಆಯ್ಕೆ ಮಾಡಿದರೆ ಪತ್ರ ತಯಾರಾಗುತ್ತದೆ, ಆದರೆ ಆಮೇಲೆ ತಿರಸ್ಕಾರ ಆಗುತ್ತದೆ. ಪ್ರಮಾಣ ಐಡಿಯ (ಪತ್ರದ ಸಂಖ್ಯೆಯ) ಮೆಸೇಜ್ ಬಂದ ಮಾತ್ರಕ್ಕೆ ಮುಗಿಯಲಿಲ್ಲ, ಬ್ಯಾಂಕು ಅದನ್ನು ಸ್ವೀಕರಿಸಿದೆಯೇ ಎಂದು ಕೆಲವು ದಿನ ಬಿಟ್ಟು ನೋಡಿ. ಒಬ್ಬರಿಗೇ ತಮ್ಮ ಪಿಂಚಣಿ, ತೀರಿಹೋದ ಗಂಡನ ಅಥವಾ ಹೆಂಡತಿಯ ಕಡೆಯ ಕುಟುಂಬ ಪಿಂಚಣಿ ಎಂದು ಎರಡು ಪಿಪಿಒ ಇದ್ದರೆ ಎರಡು ಸಲ ಮಾಡಬೇಕು.

ಒಟಿಪಿಯನ್ನು ಅವರೇ ಓದಿ ಹೇಳಲಿ, ನೀವು ಅವರ ಫೋನ್ ಕೈಗೆ ತೆಗೆದುಕೊಳ್ಳಬೇಡಿ. ಪಾಸ್‌ಬುಕ್, ಎಟಿಎಂ ಕಾರ್ಡು ಮುಟ್ಟಲೇಬೇಡಿ. "ನೀವೇ ದುಡ್ಡು ತಂದುಕೊಡಿ" ಎಂದು ಪ್ರೀತಿಯಿಂದಲೇ ಕೇಳುತ್ತಾರೆ, ಮುಲಾಜಿಲ್ಲದೆ ಇಲ್ಲ ಅನ್ನಿ. ಮುಂದೆ ಮಗನೋ ಸೊಸೆಯೋ ಲೆಕ್ಕ ಕೇಳುವ ದಿನ ಬರುತ್ತದೆ.

ಕಾನೂನು ಸೇವೆಯಲ್ಲಿ ಅನುಭವ ಇರುವವರು, ಶಿವಮೊಗ್ಗ
ಚಿಕ್ಕದಾಗಿ ಹೇಳ್ತೀನಿ. ಕಾನೂನು ಸೇವಾ ಪ್ರಾಧಿಕಾರಗಳು ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತವೆ. ನಿವೃತ್ತ ನೌಕರರು, ಹಿರಿಯ ನಾಗರಿಕರು ಅರ್ಜಿ ಹಾಕಬಹುದು. ತರಬೇತಿ, ಗುರುತಿನ ಚೀಟಿ, ಕೆಲಸ ಕೊಟ್ಟ ದಿನಕ್ಕೆ ಗೌರವಧನ ಇರುತ್ತದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, ಇದನ್ನು ತಿಳಿಸುವುದೇ ಅರ್ಧ ಕೆಲಸ. ಮಕ್ಕಳು ನೋಡಿಕೊಳ್ಳದ ತಂದೆತಾಯಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಆ ಕಚೇರಿ ಶಿವಮೊಗ್ಗ, ಸಾಗರ ಎರಡೇ ಕಡೆ. ಕಾನೂನು ನೆರವಿನ ಸಹಾಯವಾಣಿ 15100.

ನಿವೃತ್ತ ಆರೋಗ್ಯ ಸಹಾಯಕಿ, ಹೊಸನಗರ
ಹಳ್ಳಿ ಕಡೆ ಒಂಟಿ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ ಇರ್ತಾರೆ, ಮಕ್ಕಳು ಬೆಂಗಳೂರಲ್ಲಿ. ಅಂಥ ಮನೆಗೆ ವಾರಕ್ಕೊಮ್ಮೆ, ಅದೇ ದಿನ, ಹೋಗಿಬರುವುದೇ ದೊಡ್ಡ ಸೇವೆ. ಕಾಫಿ ಕುಡಿದು ಬಂದರೆ ಸಾಲದು, ಮಾತ್ರೆ ಡಬ್ಬಿ ನೋಡಿ. ಪಟ್ಟಣದ ಡಾಕ್ಟರು ಒಂದು ಹೆಸರಲ್ಲಿ ಕೊಟ್ಟ ಬಿಪಿ ಮಾತ್ರೆ, ಇನ್ನೊಬ್ಬರು ಬೇರೆ ಹೆಸರಲ್ಲಿ ಕೊಟ್ಟ ಅದೇ ಮಾತ್ರೆ, ಎರಡೂ ನುಂಗ್ತಿರ್ತಾರೆ. ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣಕ್ಷರದಲ್ಲಿ ಔಷಧದ ಮೂಲ ಹೆಸರಿರುತ್ತೆ, ಎರಡನ್ನೂ ಹೋಲಿಸಿ. ಆದರೆ ನೀವಾಗಿ ನಿಲ್ಲಿಸಬೇಡಿ. ಬರೆದುಕೊಂಡು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತೋರಿಸಿ. ಹಿರಿಯರ ಸಹಾಯವಾಣಿ 14567 ಅನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತೆ.

ಓಡಾಟದ ವಿಷಯ. ಮಳೆಗಾಲದಲ್ಲಿ ಕಾಲುಸಂಕ (ಹಳ್ಳದ ಮೇಲಿನ ಸಣ್ಣ ಕಾಲುಸೇತುವೆ) ದಾಟಿ ಹೋಗಬೇಕಾದ ಮನೆ ಒಪ್ಪಿಕೊಳ್ಳಬೇಡಿ, ಜಾರಿ ಬಿದ್ದು ಸೊಂಟ ಮುರಿದರೆ ನಿಮ್ಮ ಸೇವೆಯನ್ನೇ ಬೇರೆಯವರು ಮಾಡಬೇಕಾಗುತ್ತೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ ಕಾಲ, ಅದು ಕಾಡಿನ ಉಣುಗು (ಉಣ್ಣೆಹುಳ) ಕಚ್ಚಿ ಬರುವ ಜ್ವರ. ಕಾಡಂಚಿನ ಮನೆಗೆ ಹೋಗುವಾಗ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ತೈಲ. ದರಗಿನ (ಒಣ ಎಲೆಗಳ) ಮೇಲೆ, ಸೌದೆ ರಾಶಿಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬಂದರೆ ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ನಿಜ, ಆದರೆ ನಮ್ಮ ದಾರಿಗಳಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದರ ಚಾರ್ಜು ಲೆಕ್ಕಕ್ಕಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ವಂದನೆ. ಶಾಲೆ, ಜೀವನ ಪ್ರಮಾಣ ಎರಡೂ ಹಿಡಿಸಿತು. ಒಟ್ಟಿಗೆ ಶುರು ಮಾಡಲಾ? ಇನ್ನೊಂದು, ಬಡಾವಣೆ ಸಂಘದವರು ಈಗಲೇ ಖಜಾಂಚಿ ಆಗಿ ಅಂತ ಬೆನ್ನು ಬಿದ್ದಿದ್ದಾರೆ.

ನಿವೃತ್ತ ಬ್ಯಾಂಕ್ ನೌಕರರು, ಸಾಗರ
ಒಟ್ಟಿಗೆ ಬೇಡ. ಜೂನ್‌ನಲ್ಲಿ ದಾಖಲಾತಿ ಗಲಾಟೆ ಮುಗಿದ ಮೇಲೆ ಶಾಲೆ ಹಿಡಿಯಿರಿ. ದಸರಾ ರಜೆಯಲ್ಲಿ ಕೂತು ಆ್ಯಪ್ ಕಲಿಯಿರಿ, ನವೆಂಬರಿಗೆ ಕೈ ಪಳಗಿರುತ್ತದೆ. ಖಜಾಂಚಿಗಿರಿಯನ್ನು ಒಂದು ವರ್ಷ ಮುಂದೂಡಿ. ಅದು ಸೇವೆಗಿಂತ ಹೆಚ್ಚಾಗಿ ಜಗಳದ ಕೆಲಸ. ತಪ್ಪಿಸಿಕೊಳ್ಳಲು ಆಗದಿದ್ದರೆ ಮೂರು ಷರತ್ತು ಹಾಕಿ: ಚೆಕ್ಕಿಗೆ ಇಬ್ಬರ ಸಹಿ, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಪ್ರತಿ ತಿಂಗಳು ಬ್ಯಾಂಕ್ ತಾಳೆಪಟ್ಟಿ (ಸಂಘದ ಲೆಕ್ಕ, ಬ್ಯಾಂಕಿನ ಲೆಕ್ಕ ಹೋಲಿಸಿದ ಪಟ್ಟಿ) ನೋಟಿಸ್ ಬೋರ್ಡಿನಲ್ಲಿ. ಹಳೇ ಖಜಾಂಚಿಯಿಂದ ನಗದು, ಪುಸ್ತಕ, ಬಳಸದ ಚೆಕ್ಕುಗಳ ಪಟ್ಟಿಗೆ ಸಹಿ ಹಾಕಿಸಿಕೊಳ್ಳದೆ ಬೀಗದ ಕೈ ತೆಗೆದುಕೊಳ್ಳಬೇಡಿ.