ಪುಂಗ್ಯೆರಿ ಬೆಟ್ಟ ನಡುಗಿದರೆ ಗೌರಿಬಿದನೂರಿಗೆ ಗೊತ್ತಾಗುವುದು ಹೇಗೆ? ಭೂಕಂಪ ತಜ್ಞರಿಗೆ ಪ್ರಶ್ನೆಗಳು

ಅಡ್ಮಿನ್: ಇವತ್ತಿನ ವಿಷಯ ಪುಂಗ್ಯೆರಿಯಲ್ಲಿ ನಡೆದ ಉತ್ತರ ಕೊರಿಯಾದ ಅಣು ಪರೀಕ್ಷೆಗಳು. ಭೂಕಂಪ ದಾಖಲೆ ಓದುವ ಮೇಡಂ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ತುಮಕೂರು: ನಮಸ್ಕಾರ ಮೇಡಂ. ಬೆಟ್ಟದೊಳಗೆ ಬಾಂಬು ಸಿಡಿಸಿ "ಭೂಕಂಪ ಆಯ್ತು" ಅಂತ ಸುಳ್ಳು ಹೇಳಿದ್ರೆ ಗೊತ್ತಾಗುತ್ತಾ?

ಮೇಡಂ: ನಮಸ್ಕಾರ. ಗೊತ್ತಾಗುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿಕೊಂಡು ಜಾರುತ್ತವೆ, ಹಾಗಾಗಿ ಅಡ್ಡಡ್ಡ ಅಲುಗಿಸುವ ಎಸ್ ಅಲೆ ಜೋರಾಗಿರುತ್ತದೆ. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಮೊದಲು ಬರುವ ಪಿ ಅಲೆ ಜೋರು, ಎಸ್ ಸೊರಗಿರುತ್ತದೆ. ಕೊರಿಯಾದ ಪರೀಕ್ಷೆಗಳಲ್ಲಿ ಹಳೆಯ ಒಂದು ಅಳತೆ ಕೈಕೊಟ್ಟಿತು. ಭೂಮಿಯೊಳಗಿನ ಅಲೆಯ ತೀವ್ರತೆಯನ್ನು ಮೇಲ್ಮೈ ಅಲೆಯ ತೀವ್ರತೆಗೆ ಹೋಲಿಸುವ ಆ ವಿಧಾನದಲ್ಲಿ ಇವು ಭೂಕಂಪದ ಗುಂಪಿಗೆ ತೀರಾ ಹತ್ತಿರ ಬಿದ್ದವು. ಸುಮಾರು 370 ಕಿ.ಮೀ. ದೂರದ ಚೀನಾದ ಮುಡಾನ್‌ಜಿಯಾಂಗ್ ಕೇಂದ್ರದ ದಾಖಲೆಯಲ್ಲಿ, ಹೆಚ್ಚಿನ ಕಂಪನಾಂಕದ ಪಿ–ಎಸ್ ಅನುಪಾತ ನೋಡಿದಾಗ ಸಂಶಯವೇ ಉಳಿಯಲಿಲ್ಲ.

ಮಂಗಳೂರು: ಮೇಡಂ, ವಿಕಿರಣ ನಮ್ಮ ಕಡೆಗೆ ಬರ್ತದಾ?

ಮೇಡಂ: ಹಾನಿ ಮಾಡುವ ಪ್ರಮಾಣದಲ್ಲಿ ಇಲ್ಲ. ಆರೂ ಪರೀಕ್ಷೆಗಳು ನೆಲದೊಳಗೆ ನಡೆದವು.

ದಾವಣಗೆರೆ: ಊಟಕ್ಕೇ ಗತಿ ಇಲ್ಲದ ದೇಶ. ಇದನ್ನೆಲ್ಲ ಚೀನಾನೇ ಮಾಡಿಕೊಟ್ಟಿರಬೇಕು.

ಮೈಸೂರು: ತಪ್ಪು. ಅವರ ಬಾಂಬಿಗೆ ಪ್ಲುಟೋನಿಯಂ ಕೊಟ್ಟ ಯೊಂಗ್ಬ್ಯೊನ್‌ನ ರಿಯಾಕ್ಟರ್ ಸಹಜ ಯುರೇನಿಯಂ ಮತ್ತು ಗ್ರಾಫೈಟ್‌ನಲ್ಲಿ ನಡೆಯುವಂಥದ್ದು. ಭಾರಜಲ ಬೇಡ, ಹೊರಗಿನ ಇಂಧನವೂ ಬೇಡ. ಬ್ರಿಟನ್ನಿನ ಕಾಲ್ಡರ್ ಹಾಲ್ ರಿಯಾಕ್ಟರಿನ ಮಾದರಿ, ಅದರ ವಿವರಗಳು ಬಹಿರಂಗವಾಗಿದ್ದವು. ಹಿಟ್ಟಿಗಿಲ್ಲದ ದೇಶ ಈ ದಾರಿಯನ್ನೇ ಹಿಡಿದದ್ದಕ್ಕೆ ಕಾರಣ ಇದು. ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರ ಮಾತ್ರ ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲದಿಂದ ಹೋಯಿತು.

ದಾವಣಗೆರೆ: ಹಣ ಎಲ್ಲಿಂದ ಬಂತು ಹೇಳಿ.

ಮೈಸೂರು: ಕ್ಷಿಪಣಿ ಮಾರಾಟ, ಕಲ್ಲಿದ್ದಲು, ಈಗ ಕ್ರಿಪ್ಟೊ ಕಳವು. 2017ರ ಆಗಸ್ಟಿನಲ್ಲಿ ವಿಶ್ವಸಂಸ್ಥೆ ಕಲ್ಲಿದ್ದಲು ರಫ್ತನ್ನೇ ನಿಷೇಧಿಸಿತು. 1990ರ ದಶಕದ ಬರಗಾಲದಲ್ಲಿ ಜನ ಸಾಯುವಾಗಲೂ ಸೇನೆಯ ಪಾಲು ಮೊದಲು ಎತ್ತಿಟ್ಟರು.

ಹಾಸನ: ಬಂದ ಸಂದೇಶ ಹಾಕ್ತಿದೀನಿ: "ಕೊರಿಯಾ ಬಾಂಬಿನ ಮೋಡ ಬರುತ್ತಿದೆ. ಕುತ್ತಿಗೆಗೆ ಬೆಟಾಡಿನ್ ಹಚ್ಚಿ, ಅಯೋಡಿನ್ ಉಪ್ಪು ಹೆಚ್ಚು ತಿನ್ನಿ." ನಿಜನಾ?

ಮೇಡಂ: ಸುಳ್ಳು. 2011ರ ಫುಕುಶಿಮಾ ಸಮಯದಲ್ಲಿ ಓಡಾಡಿದ ಸಂದೇಶಕ್ಕೆ ದೇಶದ ಹೆಸರು ಮಾತ್ರ ಬದಲಾಗಿದೆ. ಲೆಕ್ಕ ಹಾಕಿ: ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಸೇರದಂತೆ ದೊಡ್ಡವರಿಗೆ ಕೊಡುವ 130 ಮಿ.ಗ್ರಾಂ ಪೊಟ್ಯಾಶಿಯಂ ಅಯೋಡೈಡ್ ಮಾತ್ರೆಯಲ್ಲಿ ಸುಮಾರು 100 ಮಿ.ಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿ.ಗ್ರಾಂ. ಒಂದು ಮಾತ್ರೆಗೆ ಸಮವಾಗಲು ಆರೂವರೆ ಕಿಲೋಗಿಂತ ಹೆಚ್ಚು ಉಪ್ಪು ತಿನ್ನಬೇಕು. ಅದಕ್ಕೆ ಮೊದಲೇ ಜೀವ ಹೋಗುತ್ತದೆ. ಬೆಟಾಡಿನ್ ಕುಡಿದವರು ಆಸ್ಪತ್ರೆ ಸೇರುತ್ತಾರೆ. ಇನ್ನು ಪರೀಕ್ಷಾ ಸುರಂಗದಿಂದ ಸೋರಿ ದೂರ ಬರುವುದು ಕ್ಸೆನಾನ್ ಅನಿಲ. ಅದು ಥೈರಾಯ್ಡ್‌ಗೆ ಸೇರುವುದೇ ಇಲ್ಲ, ಅಯೋಡಿನ್‌ಗೂ ಅದಕ್ಕೂ ಸಂಬಂಧವಿಲ್ಲ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಶಿವಮೊಗ್ಗ: ಪುಂಗ್ಯೆರಿ ಬಿಟ್ಟು ಬೇರೆ ಬೆಟ್ಟ ಸಿದ್ಧ ಮಾಡ್ಕೊಂಡಿದ್ದಾರಾ ಮೇಡಂ?

ಬೆಂಗಳೂರು: 2017ರಲ್ಲಿ ದೊಡ್ಡ ನಡುಕದ ಹಿಂದೆಯೇ ಇನ್ನೊಂದು ಬಂತಲ್ಲ, ಅದು ಎರಡನೇ ಬಾಂಬಾ?

ಮೇಡಂ: ಒಳ್ಳೆಯ ಪ್ರಶ್ನೆ. 3 ಸೆಪ್ಟೆಂಬರ್ 2017ರ ಸ್ಫೋಟದ ತೀವ್ರತೆ 6.1. ಎಂಟೂವರೆ ನಿಮಿಷದ ನಂತರ 4.1ರ ಇನ್ನೊಂದು ಕಂಪನ. ಅದರಲ್ಲಿ ಪಿ ದುರ್ಬಲ, ನಿಧಾನವಾಗಿ ತೂಗುವ ಮೇಲ್ಮೈ ಅಲೆ ಜೋರು, ಚಲನೆ ಒಳಮುಖ. ಬಾಂಬು ಸಿಡಿದಾಗ ಸುತ್ತಲಿನ ಬಂಡೆ ಆವಿಯಾಗಿ ಗುಹೆಯಾಗುತ್ತದೆ. ಒತ್ತಡ ಇಳಿದ ಮೇಲೆ ಬಿರುಕುಬಿಟ್ಟ ಚಾವಣಿ ಕುಸಿಯುತ್ತದೆ. ಅಲ್ಲಿ ಆದದ್ದು ಕುಸಿತ. ಉಪಗ್ರಹದ ರಾಡಾರ್ ಚಿತ್ರಗಳಲ್ಲಿ ಪರೀಕ್ಷೆ ನಡೆದ, 2,205 ಮೀಟರ್ ಎತ್ತರದ ಮಂತಾಪ್ ಬೆಟ್ಟದ ಮೈ ಮೂರೂವರೆ ಮೀಟರ್‌ವರೆಗೆ ಪಕ್ಕಕ್ಕೆ ಉಬ್ಬಿ, ಆಮೇಲೆ ಅರ್ಧ ಮೀಟರ್‌ನಷ್ಟು ತಗ್ಗಿದ್ದು ಕಂಡಿತು. ಮೊದಲು ಶಾಂತವಾಗಿದ್ದ ಆ ಜಾಗದಲ್ಲಿ ನಂತರ ಸಣ್ಣ ಭೂಕಂಪಗಳು ಶುರುವಾದವು.

ಗಾತ್ರದ ಲೆಕ್ಕ: ಗಟ್ಟಿ ಬಂಡೆಯಲ್ಲಿ ತೀವ್ರತೆ 0.75 ಏರಿದರೆ ಸ್ಫೋಟದ ಬಲ ಹತ್ತು ಪಟ್ಟು ಎಂದು ಹಿಡಿಯುತ್ತಾರೆ. 2006ರ ಮೊದಲ ಪರೀಕ್ಷೆ 4.1, ಅಂದರೆ ಒಂದು ಕಿಲೋಟನ್‌ಗಿಂತ (ಸಾವಿರ ಟನ್ ಟಿಎನ್‌ಟಿ ಸ್ಫೋಟಕದ ಬಲ) ಕಡಿಮೆ. 6.1 ಎಂದರೆ ಅದರ ನಾನೂರು ಪಟ್ಟಿಗೂ ಮಿಕ್ಕಿ. ಆದರೆ ಬಾಂಬು ಎಷ್ಟು ಆಳದಲ್ಲಿತ್ತು ಎಂಬುದು ಖಚಿತವಿಲ್ಲದಿದ್ದರೆ ಲೆಕ್ಕ ಜಾರುತ್ತದೆ. ಅದಕ್ಕೇ 100ರಿಂದ 250 ಕಿಲೋಟನ್‌ವರೆಗೆ ಅಂದಾಜುಗಳಿವೆ. ಒಳಗಿದ್ದದ್ದು ಪ್ಲುಟೋನಿಯಮ್ಮೋ, ಯುರೇನಿಯಮ್ಮೋ, ಹೈಡ್ರೋಜನ್ ಬಾಂಬೋ ಎಂದು ಭೂಕಂಪಮಾಪಕ ಹೇಳುವುದಿಲ್ಲ. ಹೇಳುತ್ತದೆ ಎನ್ನುವವರನ್ನು ನಂಬಬೇಡಿ.

ಧಾರವಾಡ: ಹಂಗಾರ 1998ರಾಗ ನಮ್ಮ ಪೋಖ್ರಣ್ ಲೆಕ್ಕಾನೂ ಜಾರಿತ್ತೇನ್ರೀ? ಸಂತಾನಂ ಅವರು 2009ರಾಗ ಹೈಡ್ರೋಜನ್ ಬಾಂಬ್ ಪೂರಾ ಸಿಡಿಲಿಲ್ಲ ಅಂದಿದ್ರಲ್ಲ.

ದಾವಣಗೆರೆ: ಶತ್ರುಗಳ ಮಾತು ಇಲ್ಲಿ ಯಾಕೆ ತರ್ತೀರಿ?

ಧಾರವಾಡ: ಸಂತಾನಂ ಆ ಪರೀಕ್ಷೆಯೊಳಗ ಇದ್ದ ವಿಜ್ಞಾನಿ. ಶತ್ರು ಅಂತ ಹೆಂಗ ಅಂತೀರಿ? ಮೊದಲ ತಿಳಕೊಳ್ರಿ.

ಮೈಸೂರು: ಅಣುಶಕ್ತಿ ಇಲಾಖೆ ಅದನ್ನು ಒಪ್ಪಲಿಲ್ಲ ಅನ್ನೋದನ್ನೂ ಬರೀಬೇಕಲ್ವಾ.

ದಾವಣಗೆರೆ: ದೇಶದ ಬಗ್ಗೆ ಹಗುರವಾಗಿ ಮಾತಾಡೋರಿಗೆ ಗ್ರೂಪಲ್ಲಿ ಜಾಗ ಕೊಟ್ಟಿದ್ದೇ ತಪ್ಪು.

ಧಾರವಾಡ: ಜಾಗ ನಿಮ್ಮಪ್ಪಂದೇನ್ರೀ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಪೋಖ್ರಣ್ ಬಗ್ಗೆ ಒಂದೇ ಮಾತು. ಮೇ 13ರ ಸಣ್ಣ ಸ್ಫೋಟಗಳು ಹೊರದೇಶದ ಪ್ರಕಟಿತ ದಾಖಲೆಗಳಲ್ಲಿ ಕಾಣಲಿಲ್ಲ. ಸಣ್ಣದು ತಪ್ಪಿಸಿಕೊಳ್ಳಬಲ್ಲದು. ಉಳಿದ ಜಗಳ ಇಲ್ಲಿ ಬೇಡ.

ಉಡುಪಿ: ವಿಕಿರಣ ಬರುತ್ತಾ ಮೇಡಂ?

ಮೇಡಂ: ಮೇಲೆ ಹೇಳಿದೆ.

ಚಿಕ್ಕಬಳ್ಳಾಪುರ: ಗೌರಿಬಿದನೂರಿನಲ್ಲಿ ಏನಿದೆ?

ಮೇಡಂ: 1965ರ ಹೊತ್ತಿಗೆ ಬ್ರಿಟನ್ ಸಹಕಾರದಲ್ಲಿ ಈಗಿನ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಕಟ್ಟಿದ ಕಂಪನಮಾಪಕಗಳ ಸಾಲು. ಎಲ್ ಆಕಾರದ ಎರಡು ತೋಳು, ಒಂದೊಂದರಲ್ಲೂ ಹತ್ತು ಮಾಪಕ. ಅಲೆ ಒಂದೊಂದನ್ನೂ ತಲುಪುವ ಕ್ಷಣದ ವ್ಯತ್ಯಾಸದಿಂದ ಬಂದ ದಿಕ್ಕು ಸಿಗುತ್ತದೆ. ಇಪ್ಪತ್ತನ್ನೂ ಹೊಂದಿಸಿ ಕೂಡಿದಾಗ ಲಾರಿ, ಗಾಳಿಯ ಗದ್ದಲ ಅಳಿದು ಸಣ್ಣ ಅಲೆ ಎದ್ದು ಕಾಣುತ್ತದೆ. ಪುಂಗ್ಯೆರಿಯಿಂದ ಸುಮಾರು 5,850 ಕಿ.ಮೀ.; ಪಿ ಅಲೆಗೆ ಒಂಬತ್ತೂಕಾಲು ನಿಮಿಷ ಸಾಕು. ಭಾರತ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ಇದು ಆ ಒಪ್ಪಂದದ 337 ನೆಲೆಗಳ ಜಾಲದಲ್ಲಿಲ್ಲ.

ಶಿವಮೊಗ್ಗ: ನನ್ನ ಪ್ರಶ್ನೆ ಬಿಟ್ಟುಹೋಯ್ತು ಮೇಡಂ.

ಕಲಬುರಗಿ (ಎಂ.ಎಸ್ಸಿ. ವಿದ್ಯಾರ್ಥಿನಿ): 2010ರಲ್ಲಿ ಗುಟ್ಟಾಗಿ ಒಂದು ಪರೀಕ್ಷೆ ಆಯ್ತು ಅಂತ ಓದಿದೆ. ಖರೇನಾ ಮೇಡಂ?

ಮೇಡಂ: ನನ್ನನ್ನು ಕಾಡುವುದು ಇದೇ. ಆ ವರ್ಷ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾ, ಜಪಾನ್, ರಷ್ಯಾದ ಕೇಂದ್ರಗಳಲ್ಲಿ ಕ್ಸೆನಾನ್ ಅಥವಾ ಬೇರಿಯಂ-140ರ ಗುರುತು ಸಿಕ್ಕಿತು. ಬೇರಿಯಂನ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 13 ದಿನ, ಅಂದರೆ ಅದು ಹೊಸದಾಗಿ ಹುಟ್ಟಿದ್ದು. ಭೂಕಂಪದ ದಾಖಲೆಗಳಲ್ಲಿ ಮಾತ್ರ ಆಗ ಏನೂ ಎದ್ದು ಕಾಣಲಿಲ್ಲ. 2015ರಲ್ಲಿ ಒಂದು ತಂಡ ಹಳೆಯ ಪರೀಕ್ಷೆಗಳ ಅಲೆಯನ್ನೇ ಅಚ್ಚಿನಂತೆ ಇಟ್ಟುಕೊಂಡು ಹುಡುಕಿ, ಮೇ 12ರಂದು 1.5ರ ಆಸುಪಾಸಿನ ಕಂಪನ ಹಿಡಿದು, ಕೆಲವೇ ಟನ್‌ಗಳ ಅಣು ಪರೀಕ್ಷೆ ಎಂದಿತು. 2017ರಲ್ಲಿ ಇನ್ನೊಂದು ತಂಡ ಹೆಚ್ಚಿನ ಕೇಂದ್ರಗಳ ದಾಖಲೆ ಸೇರಿಸಿ ಪಿ–ಎಸ್ ಅನುಪಾತ ನೋಡಿತು. ಅದು ಭೂಕಂಪದ ಕಡೆಗೇ ಬಿತ್ತು. ನಾನು ಎರಡನೆಯದನ್ನು ಒಪ್ಪುತ್ತೇನೆ. ಆದರೂ ಗಾಳಿಯಲ್ಲಿದ್ದ ಬೇರಿಯಂ ಎಲ್ಲಿಂದ ಬಂತು ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಇಲ್ಲ.

ನೀನು ಇದನ್ನೇ ಓದುವುದಾದರೆ ಕ್ಸೆನಾನ್ ಭಾಗವನ್ನೂ ಕಲಿ. ಕ್ಸೆನಾನ್-133ರ ಅರ್ಧಾಯುಷ್ಯ 5.2 ದಿನ, ಕ್ಸೆನಾನ್-131ಎಂ ಎಂಬ ಇನ್ನೊಂದು ರೂಪದ್ದು ಸುಮಾರು 12. ಎರಡರ ಅನುಪಾತ ಹುಟ್ಟಿದ ದಿನ ಹೇಳುತ್ತದೆ. 2013ರ ಫೆಬ್ರವರಿ ಪರೀಕ್ಷೆಯ ಅನಿಲ 55 ದಿನದ ಮೇಲೆ ಜಪಾನಿನ ತಕಾಸಾಕಿಯಲ್ಲಿ ಸಿಕ್ಕಾಗ ದಿನ ಹೊಂದಿಸಿದ್ದು ಹೀಗೆಯೇ. ಆಸ್ಪತ್ರೆಗಳಿಗೆ ಐಸೋಟೋಪ್ ಮಾಡುವ ಕಾರ್ಖಾನೆಗಳೂ ಕ್ಸೆನಾನ್ ಬಿಡುತ್ತವೆ, ಅದನ್ನು ಮೊದಲು ಕಳೆಯಬೇಕು.

ದಾವಣಗೆರೆ: ಬೇರಿಯಂ ಗಾಳಿಯಲ್ಲಿತ್ತು ಅಂತ ನೀವೇ ಹೇಳಿದ್ರಿ. ಹಾಗಿದ್ರೆ ಬೆಟಾಡಿನ್ ಸಂದೇಶ ಪೂರ್ತಿ ಸುಳ್ಳು ಹೇಗೆ?

ಮೇಡಂ: ಪೂರ್ತಿ ಸುಳ್ಳು. ಅಲ್ಲಿ ಸಿಕ್ಕದ್ದು ಅತಿ ಸೂಕ್ಷ್ಮ ಉಪಕರಣಕ್ಕೆ ಮಾತ್ರ ತಿಳಿಯುವಷ್ಟು. ಬೇರಿಯಂಗೂ ಬೆಟಾಡಿನ್ ಮದ್ದಲ್ಲ. ಹಚ್ಚಬೇಡಿ, ಕುಡಿಯಬೇಡಿ, ಮಕ್ಕಳಿಗೆ ಕೊಡಬೇಡಿ.

ಹಾಸನ: ಅಮ್ಮನಿಗೆ ಆಗಲೇ ಹಚ್ಚಿಬಿಟ್ಟೆ ಮೇಡಂ. ಥೈರಾಯ್ಡ್ ಮಾತ್ರೆ ತಗೋತಾರೆ. ಏನಾದ್ರೂ ತೊಂದರೆನಾ?

ಮೇಡಂ: ತೊಳೆದುಬಿಡಿ, ಮತ್ತೆ ಹಚ್ಚಬೇಡಿ. ಮಾತ್ರೆ ನಿಲ್ಲಿಸಬೇಡಿ. ನಾನು ವೈದ್ಯೆ ಅಲ್ಲ, ಮಾತ್ರೆ ಬರೆದುಕೊಟ್ಟವರಿಗೆ ಇವತ್ತೇ ಫೋನ್ ಮಾಡಿ.